ಎರೆಯ ಸೀಮೆಯ ಹೆದ್ದಾರಿಗಳು

ನರಗುಂದದ ಗುಡ್ಡದ ನೆತ್ತಿಯನ್ನೇರಿ ಮೂಡಲಿಗೆ ದೃಷ್ಟಿಯನ್ನು ಹಾಯಿಸಿದವರಿಗೆ ದಿಗಂತದವರೆಗೆ ಹಾಸಿದ ಎರೆಯ ಬಯಲಲ್ಲದೆ ಬೇರೆ ವಿಶೇಷವೇನೂ ಕಾಣಿಸದು. ಹಿಂಗಾರಿಯ ದಿನಗಳಲ್ಲಿ ಅದು ಜೋಳ, ಕಡಲೆ, ಕುಸುಬೆಗಳ ಹಸುರು. ಸುಗ್ಗಿಯ ಕಾಲಕ್ಕೆ ಬಿಳಿಯ ಅರಳೆ. ಚೈತ್ರ ವೈಶಾಖಗಳಲ್ಲಿ ಮೊಳದುದ್ದದ ಬಿರುಕುಗಳನ್ನು ಬಿಟ್ಟ ಬರಿಯ ಕಪ್ಪು ನೆಲ. ಈ ಬಯಲು ರೋಣವನ್ನು ದಾಟಿ, ಗಜೇಂದ್ರಗಡದ ಕಲ್ಲುಗುಡ್ಡಗಳ ಬುಡಕ್ಕೆ ಹೋಗಿ ಮುಗಿಯುವದು. ಆ ಗುಡ್ಡಗಳು ಬದಾಮಿಯ ಕಡೆಯ ಮರಳುಗಲ್ಲಿನ ಶ್ರೇಣಿಯ ದಕ್ಷಿಣದ ಅಂಚು. ಸಂಜೆಯ ಬಿಸಿಲಿನಲ್ಲಿ ಅವುಗಳ ಕೆಂಪು ಬಂಡೆಗಳೂ, ಗವಿಯಲ್ಲಿ ನೆಲಸಿದ ಕಾಲಕಾಲೇಶ್ವರನ ಗುಡಿಯ ಮೆಟ್ಟಿಲುಗಳೂ ದೂರದಿಂದಲೇ ಕಾಣಿಸುವವು. ಪಡುವಲಲ್ಲಿ ಒಂದು ಗುಡ್ಡ, ಮೂಡಲಲ್ಲಿ ಒಂದು ಸಾಲು ಗುಡ್ಡ, ನಡುವೆ ಹಳ್ಳಗಳು ಸೀಳಿದ ಮಟ್ಟಸವಾದ ನೆಲ. ಇಷ್ಟೇ ಈ ಸೀಮೆಯ ಚೆಲುವು. ಇಷ್ಟೇ ಇರುವದರಿಂದಲೇ ಅದು ಬೇಗನೆ ಕೆಡತಕ್ಕದ್ದು.

ಬೆಳೆಗೆ ಎರೆಯಷ್ಟು ಉದಾರವಾದ ಮಣ್ಣು ವಿರಳ. ಗಾಲಿಗೆ ಅದರಷ್ಟು ನಿರ್ದಯವಾದದ್ದೂ ವಿರಳ. ನೀರು ತಾಗಿದೊಡನೆ ಈ ಜೇಡಿ ಉಬ್ಬುವದು, ಒಣಗಿದರೆ ಕುಗ್ಗಿ ಸೀಳುವದು. ಅದರ ಮೇಲೆ ನಿಂತ ಗೋಡೆಯಾಗಲಿ ಸಡಕಾಗಲಿ ವರ್ಷಕ್ಕೊಮ್ಮೆ ಏರಿ ವರ್ಷಕ್ಕೊಮ್ಮೆ ಇಳಿಯಬೇಕು. ಇದಕ್ಕೆ ಉಪಾಯವಾಗಿ ದಪ್ಪನಾದ ಗರಸಿನ ಹಾಸನ್ನು ಹಾಕಿ, ಮೇಲೆ ಖಡಿಯನ್ನು ಹರವಬೇಕು. ಆದರೆ ಬಯಲಿನಲ್ಲಿ ಗರಸೂ ಇಲ್ಲ, ಖಡಿಯೂ ಇಲ್ಲ. ಅವೆರಡೂ ಗುಡ್ಡದಿಂದಲೋ ದಿಬ್ಬದಿಂದಲೋ ಬರತಕ್ಕವು. ಹೀಗಾಗಿ ರೋಣ ನರಗುಂದಗಳ ಸೀಮೆಯಲ್ಲಿ ಹಾಸಿದ ಪ್ರತಿಯೊಂದು ಗಟ್ಟಿ ದಾರಿಯ ಕೆಳಗೆ ಎಲ್ಲಿಯದೋ ಒಂದು ಗುಡ್ಡದ ತುಂಡು ಮಲಗಿರುವದು. ಇಲ್ಲಿಯ ಹೆದ್ದಾರಿಯ ಇತಿಹಾಸವನ್ನು ಬರೆಯಹೊರಟರೆ ಗುಡ್ಡದ ಮತ್ತು ಹಳ್ಳದ ಇತಿಹಾಸವನ್ನೂ ಬರೆಯದೆ ಗತಿಯಿಲ್ಲ.

ಹಳೆಯ ಶಾಸನಗಳಲ್ಲಿ ಊರ ಎಲ್ಲೆಗಳನ್ನು ಹೇಳುವಾಗ ‘ಬಟ್ಟೆ’, ‘ಹೆಬ್ಬಟ್ಟೆ’ ಎಂಬ ಮಾತುಗಳು ಬರುವವು. ಹೆಬ್ಬಟ್ಟೆಯೆಂದರೆ ಹಿರಿಯ ದಾರಿ, ಇಂದಿನ ಹೆದ್ದಾರಿ. ಗಜೇಂದ್ರಗಡಕ್ಕೆ ಅನತಿದೂರದಲ್ಲಿರುವ ಸೂಡಿಯು 11ನೆಯ ಶತಮಾನದಲ್ಲಿ ಕಿಸುಕಾಡು ಎಪ್ಪತ್ತರ ಮುಖ್ಯ ಪಟ್ಟಣವಾಗಿತ್ತು; ಚಾಲುಕ್ಯ ರಾಜಪುತ್ರಿ ಅಕ್ಕಾದೇವಿಯು ಆ ನಾಡನ್ನು ಆಳಿದಳು; ಅಲ್ಲಿ ಟಂಕಸಾಲೆಯೂ ಇತ್ತು. ನಾಣ್ಯವನ್ನು ಟಂಕಿಸುವ ಊರಿಗೆ ದಾರಿಗಳಿಲ್ಲದೆ ಹೇಗೆ? ದಾರಿಗಳು ಇದ್ದವು, ಆದರೆ ಎರೆಯಲ್ಲಿ ಅವನ್ನು ಯಾರೂ ಕಟ್ಟುತ್ತಿರಲಿಲ್ಲ. ಅವು ತಾವಾಗಿ ಬೀಳುತ್ತಿದ್ದವು. ಒಂದು ವರ್ಷ ಚಕ್ಕಡಿಯ ಜಾಡು ಹೊಂಡವಾದರೆ ಮುಂದಿನ ವರ್ಷ ಹತ್ತು ಮಾರು ಸರಿದು ಹೊಸ ಜಾಡು ಬೀಳುವದು. ಮಳೆ ಬಿದ್ದರೆ ಬಂಡಿ ಮನೆಯಲ್ಲಿ. ಉಪ್ಪು ಕಾಳುಗಳನ್ನು ಹೇರೆತ್ತುಗಳ ಮೇಲೆ ಹೇರಿಕೊಂಡು ದೂರ ದೇಶ ಸುತ್ತುತ್ತಿದ್ದ ಲಮಾಣಿಗಳಿಗೆ ಗಾಲಿಯ ಹಂಗೇ ಇರಲಿಲ್ಲ. ಗೊರಸು ಹೋದಲ್ಲೆಲ್ಲ ಅವರಿಗೆ ಹೆದ್ದಾರಿಯೇ.

ದಾರಿಯ ಸಾಲುಮರಗಳ ಮಾತು ಬಂದಾಗ ಅಶೋಕಚಕ್ರವರ್ತಿಯ ಹೆಸರನ್ನು ಹೇಳುವದು ವಾಡಿಕೆಯಾಗಿದೆ. ಗಜೇಂದ್ರಗಡದ ನೆರೆಯ ಕೊಪ್ಪಳದಲ್ಲಿ ಗವಿಮಠದ ಮತ್ತು ಪಾಲ್ಕಿಗುಂಡಿನ ಬಂಡೆಗಳ ಮೇಲೆ ಅವನ ಶಾಸನಗಳಿರುವದು ನಿಜ. ಆದರೆ ಅವು ಚಿಕ್ಕ ಶಿಲಾಶಾಸನಗಳು, ಅವುಗಳಲ್ಲಿ ಮರದ ಮಾತಿಲ್ಲ. ದಾರಿಯ ಬದಿಗೆ ಆಲಗಳನ್ನು ನೆಡಿಸಿದ, ಬಾವಿಗಳನ್ನು ತೋಡಿಸಿದ ಸಂಗತಿಯನ್ನು ಅವನು ಬರೆಯಿಸಿದ್ದು ಬೇರೆ ಶಾಸನಗಳಲ್ಲಿ. ಕನ್ನಡನಾಡಿನ ದಾರಿಯ ಪುಣ್ಯಕ್ಕೆ ಅರವಟ್ಟಿಗೆಯೂ ಕೆರೆಬಾವಿಗಳೂ ಸಾಕ್ಷಿಯಾಗಿರುವಾಗ ದೂರದ ಸಾಕ್ಷಿಯನ್ನು ಎಳೆದು ತರುವ ಅವಶ್ಯಕತೆಯೂ ಇಲ್ಲ.

ನಡುವಿನ ಶತಮಾನಗಳನ್ನು ಬೇಗನೆ ದಾಟಬಹುದು. 1785ರಲ್ಲಿ ಟಿಪ್ಪುವಿನ ದಂಡು ನರಗುಂದವನ್ನು ಮುತ್ತಿತು. 1787ರಲ್ಲಿ ಅವನಿಗೂ ಮರಾಠರಿಗೂ ಗಜೇಂದ್ರಗಡದಲ್ಲಿ ಒಪ್ಪಂದವಾಯಿತು. 1858ರಲ್ಲಿ ಭಾಸ್ಕರರಾವ್ ಭಾವೆಯ ಬಂಡಾಯವು ಮುರಿಯಿತು. ಈ ದಂಡುಗಳೆಲ್ಲ ಹಳೆಯ ಜಾಡುಗಳಲ್ಲೇ ನಡೆದವು. ದಾರಿಯ ಸ್ವರೂಪವನ್ನು ಬದಲಿಸಿದ್ದು ತೋಪಲ್ಲ, ಅರಳೆ.

ಧಾರವಾಡ ಸೀಮೆಯ ನಾಡಹತ್ತಿಗೆ ವಿಲಾಯತಿಯ ಪೇಟೆಯಲ್ಲಿ ‘ಕುಮಠಾ ಹತ್ತಿ’ ಎಂಬ ಹೆಸರಿತ್ತು. ಕುಮಠೆಯಲ್ಲಿ ಹತ್ತಿ ಬೆಳೆಯುವದಿಲ್ಲ. ನರಗುಂದ, ನವಲಗುಂದ, ರೋಣ, ಗದಗುಗಳ ಎರೆಯಲ್ಲಿ ಬೆಳೆದ ಅರಳೆಯು ಅಂಡಿಗೆಗಳಲ್ಲಿ ತುಂಬಿ, ಚಕ್ಕಡಿಗಳ ಮೇಲೆ ಇನ್ನೂರು ಕಿಲೋಮೀಟರಿಗೂ ಮೇಲ್ಪಟ್ಟು ಸಾಗಿ, ಘಟ್ಟವನ್ನಿಳಿದು, ಕುಮಠೆಯ ಬಂದರದಲ್ಲಿ ಹಡಗು ಹತ್ತುತ್ತಿದ್ದಿತು. ಕಡಲ ಆಚೆಯವರು ಬಂದರದ ಹೆಸರನ್ನೇ ಬೆಳೆಗೆ ಇಟ್ಟರು. 1861ರಲ್ಲಿ ಅಮೇರಿಕೆಯ ಅಂತರ್ಯುದ್ಧವು ಆರಂಭವಾಗಿ ಅಲ್ಲಿಯ ಹತ್ತಿ ನಿಂತೊಡನೆ ಲ್ಯಾಂಕಶೈರಿನ ಗಿರಣಿಗಳ ಕಣ್ಣು ಈ ಬಯಲಿನ ಮೇಲೆ ಬಿತ್ತು. ಮರುವರ್ಷವೇ, ಎಂದರೆ 1862ರಲ್ಲಿ, ಉತ್ತರ ಕನ್ನಡವನ್ನು ಮದ್ರಾಸ ಪ್ರಾಂತದಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಜೋಡಿಸಲಾಯಿತು; ಬೆಳೆಯುವ ಜಿಲ್ಲೆಯೂ ಬಂದರವೂ ಒಂದೇ ಆಡಳಿತದಲ್ಲಿರಬೇಕೆಂಬದು ಅದರ ಕಾರಣಗಳಲ್ಲೊಂದು. ಮ್ಯಾಂಚೆಸ್ಟರ್ ಕಾಟನ್ ಕಂಪನಿಯು ಕಾರವಾರದ ಪಕ್ಕದ ಸದಾಶಿವಗಡಕ್ಕೆ ತನ್ನ ಯಂತ್ರಗಳನ್ನು ಕಳಿಸಿತು; ಕೈಗಾ ಘಟ್ಟದ ದಾರಿ ಮಾತ್ರ ಇನ್ನೂ ಸಿದ್ಧವಾಗಿರಲಿಲ್ಲ. ಯಂತ್ರಗಳು ದಂಡೆಯಲ್ಲಿ ಉಳಿದವು. ಕಂಪನಿಯೂ ಬಹುಕಾಲ ಬಾಳಲಿಲ್ಲ.

ಈ ಕಾಲದಲ್ಲಿ ಬೆಳೆದ ದೇವಿಮನೆ, ಅರಬೈಲು ಮೊದಲಾದ ಘಟ್ಟದ ದಾರಿಗಳನ್ನು ನೋಡಿದವರು ಅವುಗಳ ಸೊಬಗನ್ನು ಹೊಗಳದೆ ಇರಲಾರರು. ಬೆಟ್ಟದ ಮೈಯನ್ನು ಬಳಸಿಕೊಂಡು, ತೊರೆ ಬಂದಲ್ಲಿ ಒಳಕ್ಕೆ ಸರಿದು, ಮೂಗು ಬಂದಲ್ಲಿ ಹೊರಕ್ಕೆ ಚಾಚಿ ಅವು ಇಳಿಯುವವು. ಆದರೆ ಈ ಸೊಬಗು ಇಂಜಿನಿಯರನ ರಸಿಕತೆಯಿಂದ ಬಂದುದೆಂದು ತಿಳಿಯುವದು ತಪ್ಪು. ಎತ್ತಿನ ಹೆಗಲೇ ಆಗಿನ ಅಳತೆಗೋಲು. ಘಟ್ಟವನ್ನಿಳಿಯುವಾಗ ಹತ್ತಿಯ ಭಾರವು ಎತ್ತುಗಳನ್ನು ಹಿಂದಿನಿಂದ ನೂಕುವದು. ಮರಳುವಾಗ ಉಪ್ಪು, ತೆಂಗಿನಕಾಯಿಗಳನ್ನು ಹೇರಿಕೊಂಡು ಅದನ್ನೇ ಏರಬೇಕು. ಸುಮಾರು ಇಪ್ಪತ್ತು ಅಡಿಗೆ ಒಂದು ಅಡಿಗಿಂತ ಕಡಿದಾದ ಏರನ್ನು ಜೋಡೆತ್ತು ಮೈಲುಗಟ್ಟಲೆ ತಾಳಲಾರದು. ಆದುದರಿಂದ ದಾರಿಯು ಬೆಟ್ಟವನ್ನು ಸೀಳದೆ ಸುತ್ತಿತು. ಗುದ್ದಲಿ, ಹಾರೆ, ಬುಟ್ಟಿಗಳಿಂದಲೇ ಮಣ್ಣನ್ನು ತೆಗೆಯಬೇಕಾದ್ದರಿಂದ ಅವಶ್ಯಕ್ಕಿಂತ ಒಂದು ಮೊಳವನ್ನೂ ಯಾರೂ ಹೆಚ್ಚಾಗಿ ಕಡಿಯಲಿಲ್ಲ. ಇಕ್ಕೆಲದ ಕಾಡು ಇದ್ದಂತೆಯೇ ಉಳಿಯಿತು. ದುರ್ಬಲತೆಯು ಮಾಡಿಸಿದ ಈ ಮಿತವ್ಯಯವೇ ಮುಂದೆ ಬಂದವರಿಗೆ ಸೌಂದರ್ಯವಾಗಿ ತೋರಿತು. ಎತ್ತು ಹೋಗಿ ಎಂಜಿನು ಬಂದ ಮೇಲೆ ಆ ಮಿತಿಯನ್ನು ಹಾಕುವವರು ಯಾರು ಎಂಬ ಪ್ರಶ್ನೆಯೂ ಅಲ್ಲಿಯೇ ಹುಟ್ಟುವದು.

ಬಯಲಿಗೆ ಮರಳಿದರೆ ಅಲ್ಲಿಯ ತೊಡಕು ಬೇರೆ. ಸ್ಕಾಟ್ಲಂಡದ ಮೆಕಾಡಮನು 19ನೆಯ ಶತಮಾನದ ಆದಿಭಾಗದಲ್ಲಿ ಒಂದು ಸರಳವಾದ ಸಿದ್ಧಾಂತವನ್ನು ಕಲಿಸಿದ್ದನು: ಭಾರವನ್ನು ಹೊರುವದು ಮೇಲಿನ ಕಲ್ಲಲ್ಲ, ಕೆಳಗಿನ ನೆಲ, ಆ ನೆಲವನ್ನು ಒಣಗಿಟ್ಟರೆ ಅದು ಯಾವ ಭಾರವನ್ನಾದರೂ ಹೊರುವದು. ಲೋಕವೆಲ್ಲ ಈ ಮಾತನ್ನು ಒಪ್ಪಿತು. ಎರೆ ಮಾತ್ರ ಅರ್ಧ ಒಪ್ಪಿತು. ಒದ್ದೆಯಾದರೆ ಅದು ರಾಡಿ. ತೀರ ಒಣಗಿದರೆ ಬಿರುಕು, ಆ ಬಿರುಕಿನೊಳಗೆ ಖಡಿಯೂ ಇಳಿದು ಹೋಗುವದು. ಇಲ್ಲಿ ನೆಲವನ್ನು ಒಣಗಿಡುವದಕ್ಕಿಂತ ಒಂದೇ ಹದದಲ್ಲಿಡುವದೇ ಮುಖ್ಯವಾದದ್ದು. ಅದಕ್ಕಾಗಿಯೇ ಗರಸಿನ ದಪ್ಪ ಹಾಸು, ಇಕ್ಕೆಲದ ಕಾಲುವೆ, ಸಾಕಷ್ಟು ಮೋರಿಗಳು. ಇವುಗಳಲ್ಲಿ ಯಾವದೊಂದನ್ನು ಉಳಿತಾಯ ಮಾಡಿದರೂ ಎರಡು ಮಳೆಗಾಲಗಳಲ್ಲಿ ಸಡಕು ಅಲೆಯಲೆಯಾಗಿ ಏಳುವದನ್ನು ಈ ಕಡೆಯ ಪ್ರವಾಸಿಗರೆಲ್ಲ ಬಲ್ಲರು.

1876ರಿಂದ 1878ರ ವರೆಗಿನ ಘೋರ ಬರಗಾಲದಲ್ಲಿ ಮುಂಬಯಿ ಪ್ರಾಂತದ ಪರಿಹಾರ ಕಾಮಗಾರಿಗಳೆಂದರೆ ಬಹುಮಟ್ಟಿಗೆ ಸಡಕು, ಕೆರೆ, ರೈಲಿನ ಏರಿ. ಸರ್ ರಿಚರ್ಡ ಟೆಂಪಲ್ಲನು ಕೂಲಿಯ ಧಾನ್ಯವನ್ನು ದಿನಕ್ಕೆ ಒಂದು ಪೌಂಡಿಗೆ ಇಳಿಸಿದ್ದು 1877ರಲ್ಲಿ. ಈ ಪ್ರಾಂತದ ಎಷ್ಟೋ ಏರಿಗಳ ಮಣ್ಣನ್ನು ಹೊತ್ತವರು ಆ ಒಂದು ಪೌಂಡಿನ ಮೇಲೆ ಬದುಕಿದವರು. ಬರದ ಕಾಲಕ್ಕೆ ಧಾನ್ಯವನ್ನು ಒಳನಾಡಿಗೆ ತರಲೆಂದೇ ಯೋಚಿಸಿದ ಹೊಟಗಿ-ಗದಗ ರೈಲು 1880ರ ದಶಕದಲ್ಲಿ ಹೊಳೆಆಲೂರು, ಮಲ್ಲಾಪುರಗಳ ಮೇಲಿಂದ ಓಡತೊಡಗಿತು. 1888ರ ಹೊತ್ತಿಗೆ ಹುಬ್ಬಳ್ಳಿಯಿಂದ ಮರ್ಮಗೋವೆಯ ದಾರಿಯೂ ತೆರೆಯಿತು. ಅರಳೆಯ ಅಂಡಿಗೆಗಳು ರೈಲು ಹತ್ತಿದವು. ಕುಮಠೆಯ ಬಂದರ ಬಡವಾಯಿತು. ಲಮಾಣಿಯ ಹೇರೆತ್ತಿಗೆ ಕೆಲಸವಿಲ್ಲದಾಯಿತು. ಗಜೇಂದ್ರಗಡದ ಸುತ್ತಲಿನ ತಾಂಡೆಗಳು ಆ ಹಳೆಯ ಹೆದ್ದಾರಿಗಳ ಕೊನೆಯ ಗುರುತು.

ಮೋಟಾರು ಬಂದ ಮೇಲಿನ ಕಥೆ ಎಲ್ಲ ಕಡೆಗೂ ಒಂದೇ. 1927ರಲ್ಲಿ ಜಯಕರ ಸಮಿತಿ, 1934ರಲ್ಲಿ ಇಂಡಿಯನ್ ರೋಡ್ಸ್ ಕಾಂಗ್ರೆಸ್, 1943ರಲ್ಲಿ ನಾಗಪುರದ ಯೋಜನೆ, 1956ರಲ್ಲಿ ರಾಷ್ಟ್ರೀಯ ಹೆದ್ದಾರಿಗಳ ಕಾಯಿದೆ. ಹುಬ್ಬಳ್ಳಿಯಿಂದ ನರಗುಂದದ ಮೇಲೆ ವಿಜಯಪುರಕ್ಕೆ ಹೋಗುವ ದಾರಿಯು ಮೊದಲು 218ನೆಯ, ಈಗ 52ನೆಯ ರಾಷ್ಟ್ರೀಯ ಹೆದ್ದಾರಿ. ಭಾನಾಪುರದಿಂದ ಗಜೇಂದ್ರಗಡವನ್ನು ಹಾಯ್ದು ಗದ್ದನಕೇರಿಗೆ ಹೋಗುವದು 367ನೆಯದು. ಎಂಜಿನಿಗೆ ದಣಿವಿಲ್ಲ, ಅದಕ್ಕೆ ಬೇಕಾದದ್ದು ವೇಗ. ಘಟ್ಟದ ಹಳೆಯ ತಿರುವಿಗೆ ಹದಿನಾಲ್ಕು ಹದಿನೈದು ಮೀಟರಿನ ತ್ರಿಜ್ಯ ಸಾಕಾಗುತ್ತಿತ್ತು. ಗಂಟೆಗೆ 100 ಕಿಲೋಮೀಟರು ಓಡುವ ಬಯಲಿನ ಹೆದ್ದಾರಿಗೆ ಸುಮಾರು 360 ಮೀಟರು ಬೇಕು. ಇಷ್ಟು ದೊಡ್ಡ ತಿರುವು ಹಳ್ಳವನ್ನಾಗಲಿ ಗುಡ್ಡವನ್ನಾಗಲಿ ಮರವನ್ನಾಗಲಿ ಬಳಸಿ ಹೋಗಲಾರದು. ಅದು ನೇರವಾಗಿ ಹಾಯುವದು.

ಹಳ್ಳವು ಇದಕ್ಕೆ ಕೊಟ್ಟ ಉತ್ತರವನ್ನು ನರಗುಂದದ ಜನರು ಕಂಡಿದ್ದಾರೆ. ಬೆಣ್ಣೆಹಳ್ಳವು ಶಿಗ್ಗಾವಿಯ ಸೀಮೆಯಲ್ಲಿ ಹುಟ್ಟಿ, ನವಲಗುಂದದ ಎರೆಯ ನೀರನ್ನೆಲ್ಲ ಕೂಡಿಸಿಕೊಂಡು, ರೋಣ ತಾಲೂಕಿನ ಮೆಣಸಗಿಯ ಬಳಿ ಮಲಪ್ರಭೆಯನ್ನು ಸೇರುವದು. ಬೇಸಗೆಯಲ್ಲಿ ಅದೊಂದು ಸವುಳು ನೀರಿನ ಗೆರೆ. ಎರೆಯು ಒಮ್ಮೆ ತುಂಬಿಕೊಂಡಿತೆಂದರೆ ಬಳಿಕ ಬಿದ್ದ ಹನಿಯನ್ನು ಒಳಗೆ ಬಿಟ್ಟುಕೊಳ್ಳದಾದ್ದರಿಂದ ಮಳೆಯೆಲ್ಲ ಹಳ್ಳಕ್ಕೆ ಓಡಿ ಅದು ಮೈಲಿನಗಲ ಹರಡುವದು. ಇಂಥ ನೆಲದಲ್ಲಿ ನಾಲ್ಕು ಅಡಿ ಎತ್ತರದ ಸಡಕಿನ ಏರಿಯೂ ಒಂದು ಆಣೆಕಟ್ಟೇ. ಮೋರಿಗಳು ಸಾಲದಿದ್ದರೆ ಒಂದು ಮಗ್ಗುಲಿನ ಹೊಲ ಕೆರೆಯಾಗುವದು, ಇನ್ನೊಂದು ಮಗ್ಗುಲಿನ ಹೊಲ ಬಾಯಾರುವದು; ಕೊನೆಗೆ ನೀರು ಏರಿಯನ್ನೇ ಒಡೆಯುವದು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿದಾಗ ಕೊಣ್ಣೂರಿನ ಬಳಿ ಹುಬ್ಬಳ್ಳಿ-ವಿಜಯಪುರದ ಹೆದ್ದಾರಿಯೇ ನಿಂತುಹೋಯಿತು. ನದಿಯು ತನ್ನ ಹಳೆಯ ಪಾತ್ರವನ್ನು ನೆನಪಿಟ್ಟುಕೊಂಡಿತ್ತು. ಅದೇ ಕಾಲಕ್ಕೆ ನರಗುಂದ ಪಟ್ಟಣದಲ್ಲಿ ಅಲ್ಲಲ್ಲಿ ನೆಲವು ಕುಸಿಯತೊಡಗಿತು. ಹಿರಿಯರು ಜೋಳವನ್ನು ಹೂಳಿಡುತ್ತಿದ್ದ ಹಗೇವುಗಳು ಮನೆಗಳ ಕೆಳಗೂ ಬೀದಿಗಳ ಕೆಳಗೂ ಮರೆತುಹೋಗಿದ್ದವು. ಮೇಲೇರಿದ ಅಂತರ್ಜಲವು ಅವನ್ನು ಸಡಿಲಿಸಿತೆಂದು ಕಾರಣ ಹೇಳಲಾಗಿದೆ. ಎರೆಯ ಸೀಮೆಯಲ್ಲಿ ಸಡಕಿನ ನಕ್ಷೆಯನ್ನು ಬರೆಯುವವನು ಕಾಣುವ ನೆಲದಷ್ಟೇ ಕಾಣದ ನೆಲವನ್ನೂ ವಿಚಾರಿಸಬೇಕೆಂಬದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಡ.

ಮರಗಳ ವಿಷಯ ಇನ್ನೂ ಸೂಕ್ಷ್ಮವಾದದ್ದು. ಸಡಕನ್ನು ಅಗಲಿಸುವಾಗ ಮೊದಲು ಬೀಳುವವು ಸಾಲಿನ ಬೇವು ಹುಣಸೆಗಳು. ಮರಗಳನ್ನು ಕಾಯಲು ಕರ್ನಾಟಕದಲ್ಲಿ 1976ರ ಕಾಯಿದೆಯುಂಟು. ಹೆದ್ದಾರಿಯ ವೆಚ್ಚದಲ್ಲಿ ಶೇಕಡಾ 1ರಷ್ಟನ್ನು ನೆಡುವದಕ್ಕೆ ತೆಗೆದಿಡಬೇಕೆಂಬ ಕೇಂದ್ರದ ಹಸುರು ಹೆದ್ದಾರಿ ಧೋರಣೆಯು 2015ರಲ್ಲಿ ಬಂದಿತು. ಆದರೆ ಎರೆಯಲ್ಲಿ ಮರವನ್ನು ನೆಡುವದಕ್ಕೂ ವಿದ್ಯೆ ಬೇಕು. ಸಡಕಿನ ಅಂಚಿಗೇ ನೆಟ್ಟ ದೊಡ್ಡ ಮರವು ಬೇಸಗೆಯಲ್ಲಿ ಕೆಳಗಿನ ಜೇಡಿಯ ತೇವವನ್ನು ಹೀರಿ ಆ ಒಂದು ಮಗ್ಗುಲನ್ನೇ ಕುಗ್ಗಿಸುವದು. ಸಡಕು ಉದ್ದಕ್ಕೆ ಸೀಳುವದು. ಆಗ ಮರವು ಅಪರಾಧಿಯೆನಿಸಿ ಕೊಡಲಿಗೆ ಬಲಿಯಾಗುವದು. ನಾಲ್ಕಾರು ಮಾರು ಹಿಂದಕ್ಕೆ, ಕಾಲುವೆಯ ಆಚೆಗೆ, ಈ ನೆಲಕ್ಕೆ ಒಗ್ಗಿದ ಕರಿಜಾಲಿಯನ್ನೂ ಬೇವನ್ನೂ ನೆಟ್ಟರೆ ಇಬ್ಬರೂ ಬಾಳುವರು. ಹೂವಿನ ಚೆಂದಕ್ಕೆ ಹೊರನಾಡಿನ ಗಿಡಗಳನ್ನು ತಂದು ಎರಡನೆಯ ಬೇಸಗೆಗೆ ಒಣಗಿಸುವದು ಲೆಕ್ಕಪತ್ರಕ್ಕೆ ಮಾತ್ರ ಹಸುರು. ಹಾಗೆಯೇ ಎಲ್ಲ ಕಡೆಗೂ ಮರದ ಗೋಡೆಯನ್ನು ಕಟ್ಟುವದೂ ಒಳ್ಳೆಯದಲ್ಲ. ಈ ಬಯಲು ಚಿಗರಿಯ ಬಯಲು. ಬಯಲನ್ನು ಕಂಡು ಓಡುವ ಪ್ರಾಣಿಗೆ ತೆರಪೇ ಆಶ್ರಯ.

ಎಲ್ಲಕ್ಕಿಂತ ಕಠಿನವಾದದ್ದು ಗುಡ್ಡದ ಪ್ರಶ್ನೆ. ನಾಲ್ಕು ಗಾಲಿಯ ಬಂಡಿಗಳ ಎರಡು ಸಾಲಿದ್ದಲ್ಲಿ ನಾಲ್ಕು ಸಾಲಾದರೆ ಗರಸಿನ ಮತ್ತು ಖಡಿಯ ಬೇಡಿಕೆಯೂ ಇಮ್ಮಡಿಯಾಗುವದು. ಅದನ್ನು ಪೂರೈಸತಕ್ಕವು ಇದ್ದ ಕೆಲವೇ ಗುಡ್ಡಗಳು. ಗಜೇಂದ್ರಗಡದ ಗುಡ್ಡಗಳ ಮೇಲೆ ಈಗ ಗಾಳಿಯಂತ್ರಗಳು ನಿಂತಿವೆ. ಅವುಗಳ ಉದ್ದನೆಯ ರೆಕ್ಕೆಗಳನ್ನು ಮೇಲಕ್ಕೆ ಒಯ್ಯಲು ಅಗಲವಾದ ತಿರುವಿನ ದಾರಿಗಳನ್ನು ಗುಡ್ಡದ ಮೈಮೇಲೆಯೇ ಕೊರೆಯಬೇಕಾಗುವದು. ಹೊಗೆಯಿಲ್ಲದ ವಿದ್ಯುತ್ತು ಬೇಡವೆನ್ನುವವರು ಯಾರೂ ಇಲ್ಲ. ದಾರಿಯನ್ನು ಎಲ್ಲಿ ಕೊರೆದರೆ ಮಳೆಯ ನೀರು ಗವಿಯ ಮೇಲಿನ ಬಂಡೆಯನ್ನು ಸಡಿಲಿಸದು ಎಂದು ಮೊದಲೇ ವಿಚಾರಿಸುವದಕ್ಕೆ ಹೆಚ್ಚಿನ ವೆಚ್ಚವೂ ಹತ್ತುವದಿಲ್ಲ. ಕಾಯಿದೆಯು ಮಾತ್ರ ಇಲ್ಲಿ ವಿಶೇಷ ನೆರವಾಗದು. 2013ರಲ್ಲಿ ತಿದ್ದಿದ ನಿಯಮದಂತೆ, ಇರುವ ರಾಷ್ಟ್ರೀಯ ಹೆದ್ದಾರಿಯನ್ನು ವಿಸ್ತರಿಸುವಾಗ ಉದ್ದವು 100 ಕಿಲೋಮೀಟರನ್ನೂ ಹೆಚ್ಚಿಗೆ ಕೊಳ್ಳುವ ಅಗಲವು 40 ಮೀಟರನ್ನೂ ಮೀರಿದರೆ ಮಾತ್ರ ಪರಿಸರದ ಪೂರ್ವಾನುಮತಿ ಬೇಕು. ಹಿಮಾಲಯದ ಚಾರಧಾಮ ಮಾರ್ಗವು ಸುಮಾರು 900 ಕಿಲೋಮೀಟರಿನದು. ಅದನ್ನು 53 ತುಂಡುಗಳಾಗಿ ಮಾಡಿದಾಗ ಯಾವ ತುಂಡಿಗೂ ಆ ನಿಯಮವು ತಾಗಲಿಲ್ಲ.

ಎತ್ತು ಹಾಕಿದ ಮಿತಿಯನ್ನು ಮನುಷ್ಯನು ತಾನಾಗಿಯೇ ಹಾಕಿಕೊಂಡ ಉದಾಹರಣೆಗಳೂ ಇಲ್ಲದಿಲ್ಲ. ಅಮೇರಿಕೆಯಲ್ಲಿ 1935ರಲ್ಲಿ ಆರಂಭವಾದ ಬ್ಲೂ ರಿಜ್ ಪಾರ್ಕ್‌ವೇ ಎಂಬ ಬೆಟ್ಟದ ಸಡಕು ಗ್ರ್ಯಾಂಡ್‌ಫಾದರ್ ಎಂಬ ಪರ್ವತದ ಮಗ್ಗುಲಿಗೆ ಬಂದು ನಿಂತಿತು. ಪರ್ವತವನ್ನು ಕಡಿಯಬಾರದೆಂದು ವಾದ ನಡೆದು, ಕೊನೆಗೆ ಅದರ ಮೈಯನ್ನು ಬಳಸಿಕೊಂಡು ಗಾಳಿಯಲ್ಲಿ ತೇಲುವಂಥ ಸೇತುವೆಯನ್ನು 1979ರಿಂದ 1983ರ ವರೆಗೆ ಕಟ್ಟಿದರು. ಅದರ 153 ಕಾಂಕ್ರೀಟಿನ ತುಂಡುಗಳಲ್ಲಿ ನೇರವಾದದ್ದು ಒಂದೇ. ಕೆಳಗಿನ ಬಂಡೆಗಳಿಗೂ ಗಿಡಗಳಿಗೂ ಯಂತ್ರ ತಾಗದಂತೆ ಒಂದೊಂದು ತುಂಡನ್ನೂ ಕಟ್ಟಿ ಮುಗಿದ ಸೇತುವೆಯ ಮೇಲಿಂದಲೇ ಮುಂದಕ್ಕೆ ಜೋಡಿಸಿದರು. ಸಡಕು ಪೂರ್ಣವಾದದ್ದು 1987ರಲ್ಲಿ, ಆರಂಭವಾಗಿ 52 ವರ್ಷಗಳ ಮೇಲೆ. ಅಷ್ಟು ಹಣವೂ ಅಷ್ಟು ತಾಳ್ಮೆಯೂ ಎಲ್ಲ ದೇಶಗಳಿಗೆ ಒದಗದಿರಬಹುದು; ಪ್ರಶ್ನೆಯನ್ನು ಕೇಳುವದಕ್ಕಾದರೂ ಹಣ ಬೇಡ.

ಇತ್ತ ಅರಳೆಯ ಹಳೆಯ ದಾರಿಯಲ್ಲಿ ನಡೆದದ್ದು ಬೇರೆ. ಶಿರಸಿಯಿಂದ ಕುಮಠೆಗೆ ಇಳಿಯುವ ದೇವಿಮನೆಯ ಘಟ್ಟವನ್ನು 766ಇ ಹೆದ್ದಾರಿಯಾಗಿ ಅಗಲಿಸುವ ಕೆಲಸದಲ್ಲಿ ಕಡಿದ ಪಾರ್ಶ್ವಗಳು ಮಳೆಗಾಲದಲ್ಲಿ ಜರಿದು ಸಂಚಾರಕ್ಕೆ ಅಡ್ಡಿಯಾದದ್ದುಂಟು. ಅಂಕೋಲೆಯ ಶಿರೂರಿನಲ್ಲಿ, ನಾಲ್ಕು ಸಾಲಿಗಾಗಿ ಬುಡವನ್ನು ಕಡಿದ ಗುಡ್ಡವು 2024ರ ಜುಲೈ 16ರಂದು ಹೆದ್ದಾರಿಯ ಮೇಲೆ ಕುಸಿಯಿತು. ದಾರಿಯ ಬದಿಗೆ ಚಹಾ ಕುಡಿಯಲು ನಿಂತವರೂ, ಲಾರಿಗಳೂ, ಮನೆಗಳೂ ಮಣ್ಣಿನೊಡನೆ ಗಂಗಾವಳಿಯ ಪಾಲಾದವು. ಆ ಗಂಗಾವಳಿಯು ಮೇಲ್ಗಡೆಗೆ ಬೇಡ್ತಿಯೆನಿಸಿ ಧಾರವಾಡದ ನೆಲದಲ್ಲಿಯೇ ಹುಟ್ಟುವ ಹೊಳೆ.

ಗಜೇಂದ್ರಗಡದಲ್ಲಿ ಅಂಥ ಮಳೆ ಇಲ್ಲ. ಅಂಥ ಕಾಡೂ ಇಲ್ಲ. ಇಲ್ಲಿಯ ಗುಡ್ಡವು ಒಮ್ಮೆಲೆ ಕುಸಿಯದು, ಲಾರಿ ಲಾರಿಯಾಗಿ ತಗ್ಗುವದು. ಬಂಡೆಯನ್ನು ಕಿತ್ತು ಬಿಟ್ಟ ಹೊಂಡಗಳಲ್ಲಿ ಮಳೆಯ ನೀರು ನಿಲ್ಲುವದು, ದನಗಳು ಕುಡಿಯುವವು. ಯಾವಗಲ್ಲಿನ ಹತ್ತಿರ ಬೆಣ್ಣೆಹಳ್ಳವು ಸೇತುವೆಗೆ ಏರಿದ ದಿನ ರೋಣದ ಕಡೆಯವರು ಆಚೆಯ ದಂಡೆಗೂ ನರಗುಂದದ ಕಡೆಯವರು ಈಚೆಯ ದಂಡೆಗೂ ನಿಂತು, ಹಿಂದೆ ಚಕ್ಕಡಿಯವರು ನಿಲ್ಲುತ್ತಿದ್ದಂತೆಯೇ, ನೀರು ಇಳಿಯುವದನ್ನು ಕಾಯುವರು.